ಹಗಲು ಮಲಗುವವರ ಕೋಣೆಗೆ ಕಿಟಕಿ ಕೇಳಿದ ಅಧ್ಯಕ್ಷರಿಗೆ

ವಿದ್ಯಾರ್ಥಿ ವಿನ್ಯಾಸ ಸ್ಪರ್ಧೆಯ ತೀರ್ಪುಗಾರ ಮಂಡಳಿಯ ಮಾನ್ಯ ಅಧ್ಯಕ್ಷರೇ,

ತಾವು ಕಳೆದ ವಾರ ಕೊಲ್ಲಾಪುರದಲ್ಲಿ ಒಂದು ಮಲಗುವ ಕೋಣೆಯನ್ನು ಅಮಾನವೀಯ ಎಂದು ಕರೆದಿರಿ. ಆ ಕೋಣೆಯನ್ನು ಇನ್ನೂ ಯಾರೂ ಕಟ್ಟಿಲ್ಲ, ಅದರಲ್ಲಿ ಯಾರೂ ಮಲಗಿಲ್ಲ, ಅದು ಕಾಗದದ ಮೇಲಷ್ಟೇ ಇದೆ. ಬರೆದವಳು ಇಚಲಕರಂಜಿಯ ನಮ್ಮ ಹಿತ್ತಲಿನ ಬಾಡಿಗೆ ಖೋಲಿಯಲ್ಲಿ ಬೆಳೆದ ಹುಡುಗಿ ವಂದನಾ. ವಾಸ್ತುಶಿಲ್ಪದ ನಾಲ್ಕನೆಯ ವರ್ಷದಲ್ಲಿ ಓದುತ್ತಿದ್ದಾಳೆ. ಕೋಣೆಗೆ ಕಿಟಕಿ ಇಲ್ಲ ಎಂಬುದು ತಮ್ಮ ಆಕ್ಷೇಪ. ಇಪ್ಪತ್ತನೆಯ ತಾರೀಕಿನೊಳಗೆ ಕಿಟಕಿ ಹಾಕಿ ಕಳಿಸಿದರೆ ‘ವೈವಿಧ್ಯ ಪ್ರೋತ್ಸಾಹ ವಿಭಾಗ’ದಲ್ಲಿ ಪರಿಗಣಿಸುತ್ತೇವೆ ಎಂದು ತಮ್ಮ ಕಚೇರಿಯಿಂದ ಪತ್ರವೂ ಬಂದಿದೆ. ಕಿಟಕಿಯ ಬಗ್ಗೆ ನನ್ನದೊಂದು ತಕರಾರಿದೆ. ಆ ವಿಭಾಗದ ಬಗ್ಗೆ ಅದಕ್ಕಿಂತ ದೊಡ್ಡದಿದೆ. ನಡುವೆ ನನ್ನದೇ ಒಂದು ತಪ್ಪೂ ಇದೆ. ಅದನ್ನು ನಾಲ್ಕು ಜನರೆದುರು ಒಪ್ಪಿಕೊಳ್ಳದೆ ನನಗೆ ಊಟ ಸೇರುತ್ತಿಲ್ಲ. ಅದಕ್ಕೇ ಈ ಪತ್ರ ತಮ್ಮ ಟೇಬಲ್ಲಿಗೆ ಬರುವ ಮೊದಲು ಪತ್ರಿಕೆಗೆ ಹೋಗುತ್ತಿದೆ.

ಕನ್ನಡದಲ್ಲಿ ಏಕೆ ಬರೆದೆ ಎಂದು ಕೇಳಬಹುದು. ತಾವು ಮೂಲತಃ ಗಡಿಯ ಆಚೆಯವರು, ಕನ್ನಡ ಶಾಲೆಯಲ್ಲಿ ಕಲಿತವರು ಎಂದು ತಮ್ಮದೇ ಮಾಹಿತಿ ಪುಸ್ತಕದಲ್ಲಿ ಅಚ್ಚಾಗಿದೆ. ಅದು ಒಂದು ಕಾರಣ. ಇನ್ನೊಂದು, ಇದೇ ವಿಷಯದಲ್ಲಿ ಒಮ್ಮೆ ಇಂಗ್ಲಿಷ್ ಬರೆದು ಕೈ ಸುಟ್ಟುಕೊಂಡಿದ್ದೇನೆ. ಹಾಗೆಂದು ನನಗೆ ಇಂಗ್ಲಿಷ್ ಬರುವುದಿಲ್ಲ ಎಂದುಕೊಳ್ಳಬೇಡಿ. ಗಡಹಿಂಗ್ಲಜದ ಕಾಲೇಜಿನಲ್ಲಿ ಎರಡು ವರ್ಷ ಬಿ.ಎ. ಓದಿದವನು ನಾನು. ‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಎಂಬ ಶಬ್ದವನ್ನು ಇವತ್ತಿಗೂ ಒಂದೇ ಉಸಿರಿನಲ್ಲಿ ಹೇಳಬಲ್ಲೆ. ಎಲ್ಲಿ ಹೇಳಬೇಕು ಎಂಬುದಷ್ಟೇ ಮರೆತಿದೆ. ಆಮೇಲೆ ಮೂವತ್ತೊಂದು ವರ್ಷ ಸಾಯ್ಝಿಂಗಿನಲ್ಲಿ, ಅಂದರೆ ಮಗ್ಗಕ್ಕೆ ಹೋಗುವ ನೂಲಿಗೆ ಗಂಜಿ ಹಾಕುವ ಕಾರಖಾನೆಯಲ್ಲಿ, ಸುಪರ್‌ವೈಜರ್ ಆಗಿದ್ದೆ. ಅಲ್ಲಿ ಆ ಶಬ್ದ ಒಂದು ಸಲವೂ ಬೇಕಾಗಲಿಲ್ಲ.

ಈಗ ವಂದನಾಳ ಮನೆಯವರ ಬಗ್ಗೆ. ಅವಳ ಅಪ್ಪ ಯಲಗೂರಪ್ಪ ಕಾರಖಾನೆಯಲ್ಲಿ ಕರೆಂಟಿನ ಮಗ್ಗ ನಡೆಸುತ್ತಾನೆ. ಅವ್ವ ಚೆನ್ನವ್ವ ಕಾಂಡಿ ಸುತ್ತುತ್ತಾಳೆ, ಲಾಳಿಯೊಳಗೆ ಕೂಡುವ ನೂಲಿನ ಸುರುಳಿಗೆ ನಮ್ಮಲ್ಲಿ ಕಾಂಡಿ ಅನ್ನುತ್ತಾರೆ. ವಿಜಯಪುರದ ಕಡೆಯಿಂದ ಬಂದು ಇಪ್ಪತ್ತು ವರ್ಷದ ಮೇಲಾಯಿತು, ಅಷ್ಟೂ ವರ್ಷ ನಮ್ಮ ಹಿತ್ತಲಿನಲ್ಲೇ. ನಮ್ಮೂರಿನ ಮಗ್ಗಗಳಿಗೆ ಎರಡು ಪಾಳಿ: ಬೆಳಿಗ್ಗೆ ಏಳರಿಂದ ಸಂಜೆ ಏಳು, ಸಂಜೆ ಏಳರಿಂದ ಬೆಳಿಗ್ಗೆ ಏಳು. ಒಂದು ವಾರ ಹಗಲು, ಒಂದು ವಾರ ರಾತ್ರಿ. ಹೀಗಾಗಿ ಯಾವ ದಿನ ನೋಡಿದರೂ ಊರಿನ ಅರ್ಧದಷ್ಟು ನೇಕಾರರು ಹಗಲಿನಲ್ಲಿ ಮಲಗಿರುತ್ತಾರೆ. ನಮ್ಮ ಓಣಿಯಲ್ಲಿ ಬಾಗಿಲ ಚಿಲಕಕ್ಕೆ ಟವೆಲ್ ತೂಗುಹಾಕಿದ್ದರೆ ಒಳಗೆ ರಾತ್ರಿಪಾಳಿಯವನು ಮಲಗಿದ್ದಾನೆ ಎಂದು ಅರ್ಥ. ತರಕಾರಿ ಮಾರುವವಳೂ ಆ ಬಾಗಿಲ ಮುಂದೆ ಬಾಯಿ ಮುಚ್ಚಿಕೊಂಡು ಹೋಗುತ್ತಾಳೆ. ಕುಕ್ಕರ್ ಕೂಗುವ ಮೊದಲೇ ಚೆನ್ನವ್ವ ಅದರ ಸೀಟಿ ಎತ್ತುತ್ತಾಳೆ. ವಂದನಾ ಸಣ್ಣವಳಿದ್ದಾಗ ಮಗ್ಗಿಯನ್ನು ತುಟಿ ಅಲ್ಲಾಡಿಸಿ ಕಲಿತಳೇ ಹೊರತು ಧ್ವನಿ ತೆಗೆದು ಅಲ್ಲ.

ಇಂಥ ಮನೆಯ ಹುಡುಗಿ ತಮ್ಮ ಸ್ಪರ್ಧೆಯ ವಿಷಯ ಓದಿದಳು: ‘ಮಗ್ಗದ ಕಾರ್ಮಿಕನಿಗೆ ಒಂದು ಮನೆ’. ಗೆದ್ದ ವಿನ್ಯಾಸದಂತೆ ಕೊರೋಚಿ ರಸ್ತೆಯಲ್ಲಿ ಹನ್ನೆರಡು ಮನೆ ಕಟ್ಟಿಸುತ್ತೇವೆ ಎಂದು ತಾವೇ ಪ್ರಕಟಿಸಿದ್ದಿರಿ. ಹುಡುಗಿ ಎರಡು ತಿಂಗಳು ನಿದ್ದೆಗೆಟ್ಟು ಬರೆದಳು. ಮನೆಗೆ ಐದು ಕಿಟಕಿ. ಅಡುಗೆಮನೆಗೆ, ಓದುವ ಜಾಗಕ್ಕೆ, ಪಡಸಾಲೆಗೆ ಬೇಕಾದಷ್ಟು ಬೆಳಕು. ನಡುವಿನ ಒಂದೇ ಕೋಣೆಗೆ ಕಿಟಕಿ ಇಲ್ಲ. ಗಾಳಿಗೆ ಮಾತ್ರ ದಾರಿ ಇದೆ: ಎರಡು ಪದರದ ಗೋಡೆ, ಹೊರಪದರದಲ್ಲಿ ಪಾದದ ಎತ್ತರಕ್ಕೆ ಕಿಂಡಿಗಳು, ಒಳಪದರದಲ್ಲಿ ತಲೆಯ ಮೇಲೆ ಕಿಂಡಿಗಳು. ಗಾಳಿ ಕೆಳಗೆ ನುಗ್ಗಿ ಗೋಡೆಯೊಳಗೇ ಮೇಲೇರಿ ಕೋಣೆಗೆ ಇಳಿಯುತ್ತದೆ. ಬೆಳಕು ಅರ್ಧದಲ್ಲೇ ಸೋತು ನಿಲ್ಲುತ್ತದೆ. ಗಾಳಿಗೆ ತಿರುಗಲು ಬರುತ್ತದೆ, ಬೆಳಕಿಗೆ ಬರುವುದಿಲ್ಲ. ಇಷ್ಟೇ ಅವಳ ಶಾಸ್ತ್ರ. ಮಾದರಿಯನ್ನು ನೂಲಿನ ಕೋನಿನ ರಟ್ಟಿನಲ್ಲಿ ಮಾಡಿದಳು. ನಾನು ಊದುಬತ್ತಿ ಹಚ್ಚಿ ಹೊರಗಿನ ಕಿಂಡಿಯ ಹತ್ತಿರ ಹಿಡಿದೆ. ಹೊಗೆ ಒಳಗೆ ಹೋಯಿತು. ಟಾರ್ಚ್ ಹಿಡಿದೆ. ಬೆಳಕು ಹೋಗಲಿಲ್ಲ. ಅರವತ್ತೆಂಟರ ವಯಸ್ಸಿನಲ್ಲಿ ಚಪ್ಪಾಳೆ ತಟ್ಟಿದೆ, ಸುಳ್ಳೇಕೆ ಹೇಳಲಿ.

ಇನ್ನು ನನ್ನ ತಪ್ಪು. ನಕ್ಷೆಯ ಜೊತೆ ನೂರೈವತ್ತು ಪದಗಳ ಇಂಗ್ಲಿಷ್ ಟಿಪ್ಪಣಿ ಕೊಡಬೇಕು ಎಂದು ತಮ್ಮ ನಿಯಮ. ವಂದನಾ ಬರೆದುಕೊಂಡು ಬಂದು “ಕಾಕಾ, ಒಂಚೂರ ನೋಡ್ರಿ” ಎಂದಳು. ಅಲ್ಲಿಗೆ ಕೆಟ್ಟಿತು. ಎಷ್ಟೋ ವರ್ಷದ ಮೇಲೆ ಯಾರೋ ನನ್ನ ಇಂಗ್ಲಿಷ್ ಕೇಳಿದ್ದರು. ಅವಳ ಬರಹ ಭಾಳ ಸಪ್ಪೆ ಎನಿಸಿತು. ‘ಸಿನ್ಸ್ ಟೈಮ್ ಇಮ್ಮೆಮೋರಿಯಲ್’ ಎಂದು ಶುರು ಮಾಡಿದೆ. ‘ಮ್ಯಾನ್ ಈಸ್ ಎ ಸೋಶಿಯಲ್ ಅನಿಮಲ್’ ಸೇರಿಸಿದೆ. ಹಳೆಯ ಗೆಳೆಯರಂತೆ ಶಬ್ದಗಳು ಒಂದರ ಹಿಂದೆ ಒಂದು ಬಂದು ಕುಳಿತವು. ಎಣಿಸಿ ನೋಡಿದರೆ ಪೀಠಿಕೆಯೇ ನಲವತ್ತು ದಾಟಿತ್ತು. ಈಗ ಎಲ್ಲಿಯಾದರೂ ಕತ್ತರಿಸಬೇಕಲ್ಲ? ಅವಳ ಎರಡು ಸಾಲು ಹೊಡೆದು ಹಾಕಿದೆ.

“ಕಾಕಾ, ಅದ್ನ ಹೊಡೀಬ್ಯಾಡ್ರಿ. ರಾತ್ರಿಪಾಳಿ ಮಾಡಿದವ್ರು ಹಗಲಿ ಮಲಗೂ ಖೋಲಿ ಇದು, ಬೆಳಕ ಬ್ಯಾಡ, ಗಾಳಿ ಬೇಕು ಅಂತ ಐತಿ. ಅದ ಇರ್ಲಿ.”

“ಅದನ್ನ ಯಾರಿಗ ಹೇಳ್ತಿ? ಮಗ್ಗದಾಂವ ಹಗಲಿ ಮಲಗ್ತಾನಂತ ತೊಟ್ಟಿಲ ಕೂಸಿಗೂ ಗೊತ್ತೈತಿ. ಮಳಿ ಮ್ಯಾಲಿಂದ ಕೆಳಗ ಬೀಳ್ತೈತಿ ಅಂತನೂ ಬರೀತಿಯೇನ?”

“ಅವ್ರಿಗ ಗೊತ್ತಿರ್ಲಿಕ್ಕಿಲ್ರಿ ಕಾಕಾ.”

“ಕೊಲ್ಲಾಪುರ ಏನ್ ಲಂಡನ್ ಐತೇನ? ತಾಸಿನ ದಾರಿ! ಅಲ್ಲೆ ಕುಂತವ್ರು ಉಟ್ಕೊಂಡಿರೂ ಬಟ್ಟಿ ಎಲ್ಲಿಂದ ಬಂತಂತ ಅವ್ರಿಗೂ ಗೊತ್ತಿರ್ತೈತಿ.”

ನಾನು ಹಿರಿಯವನೆಂದು ಅವಳು ಕಾಗದವನ್ನು ನನ್ನ ಕೈಗೇ ಬಿಟ್ಟಳು. ನಮಗೆ ಅದು ಅಷ್ಟು ಗೊತ್ತಿರುವ ಮಾತಾಗಿತ್ತು ಮಾನ್ಯರೇ, ಬರೆಯಬೇಕು ಎಂದೇ ಅನಿಸಲಿಲ್ಲ. ನಮ್ಮೂರಿನವರಲ್ಲದೆ ಇನ್ಯಾರೂ ಈ ತಪ್ಪು ಮಾಡಲಾರರು. ಆದಿಕಾಲದ ಮನುಷ್ಯನ ಬಗ್ಗೆ ತಮಗೆ ನಲವತ್ತು ಪದ ಕಳಿಸಿದೆ, ಯಲಗೂರಪ್ಪನ ಬಗ್ಗೆ ಒಂದನ್ನೂ ಉಳಿಸಲಿಲ್ಲ.

ಆದರೂ ಕೇಳುತ್ತೇನೆ: ತಮಗೂ ಗೊತ್ತಿರಲಿಲ್ಲವೇ? ಐದು ಜನ ತೀರ್ಪುಗಾರರಲ್ಲಿ ಒಬ್ಬರಿಗೂ? ಮಗ್ಗದ ಕಾರ್ಮಿಕನ ಮನೆ ಎಂಬ ವಿಷಯ ಕೊಡುವ ಮೊದಲು ಮಗ್ಗದ ಕಾರ್ಮಿಕ ಯಾವಾಗ ಮನೆಯಲ್ಲಿರುತ್ತಾನೆ ಎಂದು ಯಾರಾದರೂ ಕೇಳಿದ್ದರೇ?

ಆ ದಿನ ನಾನೂ ಕೊಲ್ಲಾಪುರಕ್ಕೆ ಬಂದಿದ್ದೆ. ಮಾದರಿಯನ್ನು ತೊಡೆಯ ಮೇಲಿಟ್ಟುಕೊಂಡು ಎಸ್.ಟಿ. ಬಸ್ಸಿನಲ್ಲಿ ತಂದೆವು. ದಾರಿಯಲ್ಲಿ ಒಂದು ಗೋಡೆ ಕಳಚಿತು. ಕಂಡಕ್ಟರ್ “ಪಡ್ಲಂ ಕಾ ಘರ?” ಎಂದು, ಮನೆ ಬಿತ್ತೇ ಎಂದು, ಮರಾಠಿಯಲ್ಲಿ ಕೇಳಿ ತಾನೇ ಟಿಕೀಟಿನ ಕಾಗದ ಮಡಚಿ ಗೋಡೆಗೆ ಆನಿಕೆ ಕೊಟ್ಟ. ಸ್ಪರ್ಧೆಯ ಸಭಾಂಗಣದೊಳಗೆ ಬಂದರೆ ಒಂದರ ಪಕ್ಕ ಒಂದು ಮಾದರಿಗಳು, ಗಾಜಿನಂಥ ಹಾಳೆಯವು, ಯಂತ್ರದಲ್ಲಿ ಕತ್ತರಿಸಿದವು. ಎಲ್ಲದರಲ್ಲೂ ಬೆರಳುದ್ದದ ಬಿಳಿ ಮನುಷ್ಯರು. ಕೆಲವರು ಕೈ ಎತ್ತಿ ನಿಂತಿದ್ದರು, ಕೆಲವರು ಸೈಕಲ್ ಹಿಡಿದಿದ್ದರು, ಒಬ್ಬಳು ನಾಯಿ ತಿರುಗಾಡಿಸುತ್ತಿದ್ದಳು. ನಾನು ಎಲ್ಲ ಮನೆಗಳನ್ನೂ ಬಗ್ಗಿ ನೋಡಿದೆ. ಯಾರೂ ಮಲಗಿರಲಿಲ್ಲ. ಹನ್ನೆರಡು ತಾಸು ನಿಂತು ದುಡಿದು ಬಂದವರ ಮನೆಗಳಲ್ಲಿ ಒಬ್ಬನೂ ಮಲಗಿರಲಿಲ್ಲ!

ಮೊದಲ ಸಾಲಿಗೆ ಆಯ್ಕೆಯಾದ ಒಂದು ವಿನ್ಯಾಸಕ್ಕೆ ಛಾವಣಿಯ ತುಂಬ ಗಾಜಿನ ಪಟ್ಟಿಗಳು. ಬಿಸಿಲು ಹಾಸು-ಹೊಕ್ಕಿನಂತೆ ಹಾಸಿಗೆಯ ಮೇಲೆ ಬೀಳುತ್ತದಂತೆ. ತಾವೆಲ್ಲ ಅದರ ಸುತ್ತ ಅರ್ಧ ಗಂಟೆ ನಿಂತಿರಿ. ಬರೆದ ಹುಡುಗನನ್ನು ನಾನು ಬೈಯುವುದಿಲ್ಲ. ನೋಡಲು ಚೆಂದವೇ ಇತ್ತು. ಆದರೆ ಏಪ್ರಿಲ್ ತಿಂಗಳ ಹನ್ನೊಂದು ಗಂಟೆಗೆ ಆ ಹಾಸಿಗೆಯ ಮೇಲೆ ಹಪ್ಪಳ ಒಣಗಿಸಬಹುದು, ಮನುಷ್ಯನನ್ನು ಮಲಗಿಸಲು ಬರುವುದಿಲ್ಲ.

ವಂದನಾಳ ಸರದಿ ಬಂತು. ಐದು ನಿಮಿಷ. ಮಂಡಳಿಯ ಮ್ಯಾಡಮ್ ಒಬ್ಬರು “ಖಿಡಕೀ ಕುಠೆ ಆಹೆ?” ಎಂದರು. ಕಿಟಕಿ ಎಲ್ಲಿ? ಇಲ್ಲ ಎಂದಳು. ಆಗ ತಾವು ಕನ್ನಡಕ ಸರಿಮಾಡಿಕೊಂಡು, “ಇಲ್ಲಿ ಮನುಷ್ಯ ಇರಬೇಕೋ ಜೋಳದ ಚೀಲ ಇರಬೇಕೋ?” ಎಂದು ಕೇಳಿದಿರಿ. ಎಲ್ಲರೂ ನಕ್ಕರು. ನಗೆಗೆ ಎರಡು ನಿಮಿಷ ಹೋಯಿತು. ಅವಳು “ಸರ್, ಹಗಲಿನಲ್ಲಿ” ಎಂದು ಬಾಯಿ ತೆರೆದಾಗ ಸಮಯ ಮುಗಿದ ಗಂಟೆ ಬಾರಿಸಿದರು. ಹಿಂದಿನ ಸಾಲಿನಲ್ಲಿದ್ದ ನಾನು ಎದ್ದು ನಿಂತು ಹೇಳಬೇಕಿತ್ತು. ನನ್ನ ಇಂಗ್ಲಿಷ್ ನನ್ನ ನಾಲಿಗೆಗೆ ಬರುವುದು ಯಾವಾಗಲೂ ಬಸ್ಸು ಹೋದ ಮೇಲೆ. ಕನ್ನಡದಲ್ಲಿ ಕೂಗಿದ್ದರೂ ನಡೆಯುತ್ತಿತ್ತು, ತಮಗೆ ತಿಳಿಯುತ್ತಿತ್ತು. ಧೈರ್ಯವಾಗಲಿಲ್ಲ.

ಕಿಟಕಿಯ ಅಹಂಕಾರ ಎಂಥದು ಎಂದು ನನಗೂ ಗೊತ್ತು. ಅದಕ್ಕೆ ನನ್ನ ಮನೆಯದೇ ಸಾಕ್ಷಿ ಇದೆ. ಹಿತ್ತಲಿನ ಆ ಖೋಲಿ ಕಟ್ಟಿಸಿದವನು ನಾನೇ. ಕಾಲೇಜಿನಲ್ಲಿ ‘ಆ್ಯನ್ ಐಡಿಯಲ್ ಹೋಮ್’ ಎಂದು ಪ್ರಬಂಧ ಬರೆದು ಹತ್ತಕ್ಕೆ ಏಳು ಅಂಕ ತಗೊಂಡವನು. ಲೈಟ್ ಆ್ಯಂಡ್ ಏರ್, ಲೈಟ್ ಆ್ಯಂಡ್ ಏರ್ ಎಂದು ಗೌಂಡಿಯ ತಲೆ ತಿಂದು ಪೂರ್ವದ ಗೋಡೆಗೆ ನಾಲ್ಕಡಿಯ ಕಿಟಕಿ ಇಡಿಸಿದೆ. ಯಲಗೂರಪ್ಪ ಖೋಲಿ ನೋಡಲು ಬಂದಾಗ ನಾನು ಕಿಟಕಿಯ ಪಕ್ಕವೇ ನಿಂತಿದ್ದೆ, ಹೊಗಳಿಸಿಕೊಳ್ಳಲು. ಅವನು ಸುತ್ತ ನೋಡಿ ಕೇಳಿದ:

“ಮಾಲಕ್ರ, ಈ ಕಿಡಕಿ ಮುಚ್ಚಾಕ ಬರ್ತೈತೇನ್ರಿ?”

“ಯಾಕ, ನಿನಗ ಬೆಳಕ ಆಗಿಬರಾಂಗಿಲ್ಲೇನ?” ಎಂದು ನಾನು ಸಿಟ್ಟಿಗೆದ್ದೆ.

ಒಳಗಿನಿಂದ ನನ್ನ ಹೆಂಡತಿ ಸುಶೀಲಾಬಾಯಿ ಬಂದಳು, ಕೈಯಲ್ಲಿ ಹಳೆಯ ಕೌದಿ, ಸುತ್ತಿಗೆ, ನಾಲ್ಕು ಮೊಳೆ. “ಏನ್ರಿ, ನೀವು ಎಂದಾರ ರಾತ್ರಿ ದುಡದ ಬಂದೀರೇನ? ಮನಿ ಬಾಡಿಗಿಗೆ ಕೊಡಾಕತ್ತೀರೋ, ಕಿಡಕಿ ತೋರ್ಸಾಕತ್ತೀರೋ?” ಎಂದವಳೇ ತಾನೇ ಸ್ಟೂಲ್ ಹತ್ತಿ ಕೌದಿ ಬಡಿದಳು. ಆಕೆ ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ತೀರಿಹೋಗಿ ನಾಲ್ಕು ವರ್ಷವಾಯಿತು. ಪ್ರಶಸ್ತಿ, ಗಿಶಸ್ತಿ ಏನೂ ಬರಲಿಲ್ಲ. ಆದರೆ ಮನೆಯಲ್ಲಿ ಇರುವವನನ್ನು ಕೇಳಿ ಮನೆ ಮಾಡಬೇಕು ಎಂಬುದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಕೌದಿಯಿಂದ ಎಲ್ಲ ಸರಿಹೋಯಿತು ಎನ್ನುವುದಿಲ್ಲ. ಬೆಳಕಿನ ಜೊತೆ ಗಾಳಿಯೂ ನಿಂತಿತು. ಬೇಸಿಗೆಯಲ್ಲಿ ಯಲಗೂರಪ್ಪ ಕೌದಿ ತೆಗೆದರೆ ಕಣ್ಣು ಮುಚ್ಚಲಾಗದು, ಹಾಕಿದರೆ ಉಸಿರಾಡಲಾಗದು. ಒದ್ದೆ ಟವೆಲ್ ಮುಖದ ಮೇಲೆ ಹಾಕಿಕೊಂಡು ಮಲಗುತ್ತಾನೆ. ಎರಡು ವರ್ಷದ ಕೆಳಗೆ ನಿದ್ದೆಗಣ್ಣಿನಲ್ಲಿ ಮಗ್ಗದ ತಿರುಗುವ ಪಟ್ಟಿಗೆ ಕೈ ಕೊಟ್ಟು ಉಂಗುರದ ಬೆರಳಿನ ತುದಿ ಕಳೆದುಕೊಂಡ. ಅವತ್ತಿನಿಂದ ವಂದನಾ ಆ ಗೋಡೆಯನ್ನೇ ಯೋಚಿಸುತ್ತಿದ್ದಾಳೆ. ಕಿಟಕಿಗೆ ಗಟ್ಟಿ ಬಾಗಿಲು ಹಾಕಿ ಮುಚ್ಚಿಕೊಳ್ಳಲಿ ಎಂದು ಯಾರೂ ಹೇಳಬೇಡಿ. ಆ ಉಪಾಯವನ್ನು ನಾವು ಇಪ್ಪತ್ತು ವರ್ಷ ಮಾಡಿ ನೋಡಿದ್ದೇವೆ. ಬೆಳಕನ್ನೂ ಗಾಳಿಯನ್ನೂ ಬೇರೆ ಬೇರೆ ಮಾಡುವುದೇ ಕೆಲಸ. ಅದನ್ನು ಆ ಹುಡುಗಿ ಮಾಡಿದ್ದಾಳೆ. ತಾವು ಅದನ್ನೇ ತಪ್ಪು ಎಂದಿರಿ.

ವಾಸದ ಕೋಣೆಗೆ ಇಷ್ಟು ತೆರಪು ಇರಬೇಕು ಎಂದು ನಿಯಮ ಇದೆಯಲ್ಲ ಎನ್ನುತ್ತೀರಿ. ಇದೆ. ಅವಳಿಗೂ ಗೊತ್ತು. ಕಿಂಡಿಗಳೆಲ್ಲ ಕೂಡಿಸಿದರೆ ಗಾಳಿಗೆ ಬೇಕಾದಷ್ಟು ತೆರಪಾಗುತ್ತದೆ ಎಂದು ನಕ್ಷೆಯ ಮೂಲೆಯಲ್ಲಿ ಲೆಕ್ಕ ಬರೆದಿದ್ದಾಳೆ, ಸಣ್ಣ ಅಕ್ಷರದಲ್ಲಿ. ಬೆಳಕಿನ ವಿಷಯಕ್ಕೆ ನಿಯಮ ಅಡ್ಡ ಬರಬಹುದು, ಬಂದರೆ ಅದನ್ನು ಚರ್ಚಿಸಿ, ಸ್ಪರ್ಧೆ ಇರುವುದು ಅದಕ್ಕೇ ಅಲ್ಲವೇ? ಇದ್ದ ನಿಯಮಕ್ಕೆ ಸುಣ್ಣ ಹಚ್ಚಿ ಕೊಡುವುದಕ್ಕೆ ಸ್ಪರ್ಧೆ ಯಾಕೆ, ಒಬ್ಬ ಗುಮಾಸ್ತ ಸಾಕು. ಇನ್ನೊಂದು ಮಾತು. ತಾವೆಲ್ಲ ಸ್ಪರ್ಧೆಗೆಂದು ಎರಡು ದಿನ ತಂಗಿದ್ದ ಹೋಟೆಲಿನ ಪರದೆಗಳನ್ನು ಹೊಲಿಸಿಕೊಟ್ಟವನು ನನ್ನ ತಂಗಿಯ ಮಗ ಸಮ್ಮೇದ. ಎರಡು ಪದರದ ಪರದೆ, ಒಳಗೆ ಕಪ್ಪು ಅಸ್ತರು, ಎಳೆದರೆ ಮಧ್ಯಾಹ್ನವೂ ಅಮಾವಾಸ್ಯೆ. ಜೊತೆಗೆ ತಂಪು ಗಾಳಿಯ ಯಂತ್ರ. “ಮಾಮಾ, ಗಿರಾಕಿಗಳು ಮೊದಲ ಕೇಳೂದ ಕತ್ತಲಾ” ಅನ್ನುತ್ತಾನೆ ಅವನು. ಹೋಟೆಲಿನ ಕತ್ತಲೆ ಸೌಕರ್ಯ, ನೇಕಾರನ ಕತ್ತಲೆ ಅಮಾನವೀಯ. ಇದು ಯಾವ ವಾಸ್ತುಶಾಸ್ತ್ರ?

ಈಗ ತಮ್ಮ ಪತ್ರಕ್ಕೆ ಬರುತ್ತೇನೆ. ಎರಡೇ ಪ್ಯಾರಾ. ವಂದನಾಳ ಹಿನ್ನೆಲೆ ತಮ್ಮನ್ನು ತುಂಬಾ ತಟ್ಟಿತಂತೆ. ವೃತ್ತಿಯಲ್ಲಿ ಇಂಥ ಮನೆಗಳಿಂದ ಬಂದವರು ಕಡಿಮೆಯಂತೆ. ಆದ್ದರಿಂದ ಕಿಟಕಿ ಸೇರಿಸಿ ಕಳಿಸಿದರೆ ವೈವಿಧ್ಯ ವಿಭಾಗದಲ್ಲಿ ಪ್ರಶಸ್ತಿಗೆ ಪರಿಗಣಿಸುವಿರಂತೆ. ಸಮಾರಂಭಕ್ಕೆ ಇಳಕಲ್ ಸೀರೆಯಲ್ಲಿ ಬಂದರೆ, ಸಾಧ್ಯವಾದರೆ ತಾಯಿತಂದೆಯರೂ ಬಂದರೆ, ಮನೆಯ ಅನುಭವವನ್ನು ವೇದಿಕೆಯಲ್ಲಿ ಹಂಚಿಕೊಂಡರೆ ಚೆನ್ನಾಗಿರುತ್ತದಂತೆ. ಕೆಳಗೆ ಸಣ್ಣದಾಗಿ ಒಂದು ಸೂಚನೆ: ಈ ವಿಭಾಗದ ವಿನ್ಯಾಸಗಳನ್ನು ಕಟ್ಟಲಾಗುವುದಿಲ್ಲ.

ಮಾನ್ಯರೇ, ಅವಳ ಕಥೆ ಬೇಕು, ಅವಳ ಗೋಡೆ ಬೇಡ, ಹಾಗೆಯೇ? ವೈವಿಧ್ಯ ಎಂದರೆ ಬೇರೆ ಮನೆಯಿಂದ ಬಂದವರು ನಮ್ಮದೇ ಮನೆ ಬರೆಯುವುದೇ? ತಮ್ಮ ಮಂಡಳಿಯನ್ನು ನಾನು ಹಿಂದಿನ ಸಾಲಿನಿಂದ ಎರಡು ತಾಸು ನೋಡಿದೆ. ಐವರಿಗೂ ಒಂದೇ ನಮೂನೆಯ ದುಂಡು ಕನ್ನಡಕ, ಒಂದೇ ನಮೂನೆಯ ಸುಕ್ಕು ಬಿದ್ದ ಅಂಗಿ. ಒಬ್ಬರು ‘ಸ್ಪೇಸ್’ ಎಂದರೆ ಐವರೂ ಗೋಣು ಹಾಕುತ್ತಿದ್ದಿರಿ. ವೈವಿಧ್ಯದ ಕೊರತೆ ನಿಜಕ್ಕೂ ಇದೆ, ಅದನ್ನು ತಾವು ಹುಡುಕುತ್ತಿರುವ ದಿಕ್ಕು ಮಾತ್ರ ಬೇರೆ. ಒಬ್ಬನಾದರೂ ರಾತ್ರಿಪಾಳಿ ಮಾಡಿದವನು ಆ ಕುರ್ಚಿಯಲ್ಲಿ ಕೂತಿದ್ದರೆ ಕಿಟಕಿ ಎಲ್ಲಿ ಎಂದು ಕೇಳುತ್ತಿರಲಿಲ್ಲ. ಕೋಣೆ ಬಾಡಿಗೆಗೆ ಯಾವಾಗ ಸಿಗುತ್ತದೆ ಎಂದು ಕೇಳುತ್ತಿದ್ದ.

ಪತ್ರ ಬಂದ ಮರುದಿನ ಬೆಳಿಗ್ಗೆ ಹಿತ್ತಲಿನ ಕಟ್ಟೆಯ ಮೇಲೆ ಸಭೆ ಕೂಡಿತು. ಯಲಗೂರಪ್ಪ ಪಾಳಿ ಮುಗಿಸಿ ಬಂದು ಕೂತಿದ್ದ, ಹುಬ್ಬಿನ ಮೇಲೆ ಹತ್ತಿಯ ಧೂಳು, ಕೈಯಲ್ಲಿ ಚಹಾ. ನಾನು ಪತ್ರವನ್ನು ಕನ್ನಡ ಮಾಡಿ ಓದಿದೆ. ಈ ಸಲ ಒಂದು ಪದವನ್ನೂ ಬಿಡಲಿಲ್ಲ.

ಯಲಗೂರಪ್ಪ ಹೇಳಿದ, “ಇಡವ್ವಾ ಒಂದ್ ಕಿಡಕಿ, ನಿಂದೇನ್ ಗಂಟ ಹೋಗ್ತೈತಿ? ಆಮ್ಯಾಲ ನಾವ ಕೌದಿ ಬಡ್ಕೊಂಡ್ರಾತು.”

“ಆ ಇಭಾಗದಾಗ ಗೆದ್ರ ಮನಿ ಕಟ್ಟಂಗೇ ಇಲ್ಲಂತಲ್ಲ,” ಎಂದಳು ಚೆನ್ನವ್ವ. “ಕೌದಿ ಎಲ್ಲಿ ಬಡೀತಿ, ಸರ್ಟಿಫಿಕೇಟಿಗೇನ?”

“ನೀ ಸುಮ್ಕಿರ. ಕಾಲೇಜಿನ ಸರ ಏನಂದಾರ ಕೇಳಿಯಿಲ್ಲ? ಆ ಕಾಗದ ಇದ್ರ ಪುಣೆದಾಗ ದೊಡ್ಡ ಆಫೀಸಿನವ್ರು ಟ್ರೇನಿಂಗಿಗೆ ತಗೋತಾರ. ಇಲ್ಲಂದ್ರ ಯಾರ್ ಕರೀತಾರ ನಮ್ಮ ಹುಡಿಗೀನ?”

ಅದು ಸುಳ್ಳಲ್ಲ. ಮುಂದಿನ ವರ್ಷ ಅವಳಿಗೆ ಯಾವುದಾದರೂ ವಾಸ್ತುಶಿಲ್ಪಿಯ ಕಚೇರಿಯಲ್ಲಿ ತರಬೇತಿ ಆಗಬೇಕು. ಪರಿಚಯದವರು ಇಲ್ಲದವರಿಗೆ ಪ್ರಶಸ್ತಿಯೇ ಪರಿಚಯ. ಅವಳ ಜೊತೆಗಾರರ ಮಾಮಾ, ಕಾಕಾಗಳೆಲ್ಲ ಆರ್ಕಿಟೆಕ್ಟರು. ಅವಳಿಗೆ ಇರುವ ಕಾಕಾ ನಾನು.

ವಂದನಾ ಎಲ್ಲ ಕೇಳಿಸಿಕೊಂಡು ಹೇಳಿದಳು: “ಅಪ್ಪಾ, ಆ ಕಾಗದ ನಾ ಯಾರ ಮಗಳು ಅನ್ನೂದಕ್ಕ ಕೊಡಾಕತ್ತಾರ. ಅದು ನನಗ ಮೊದ್ಲ ಗೊತ್ತೈತಿ, ಅವ್ರೇನ್ ಬರ್ದ್ ಕೊಡೂದು. ನಾ ಏನ್ ಬರ್ದೀನಿ ಅಂತ ನೋಡ್ಲಿ.”

“ನೋಡಿದ್ರಲ್ಲವಾ. ನಕ್ರು.”

“ತಿಳೀದ ನಕ್ಕಾರ. ತಿಳಿಸಿ ಹೇಳೂ ಸಾಲು ಇದ್ದಿದ್ದಿಲ್ಲ.” ಹೀಗೆಂದವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ವಾಸಿ ಇತ್ತು.

“ಕಿಡಕಿ ಹಾಕಿದ್ರ ಏನ್ ಆಗ್ತೈತಿ ನಿಂದು?” ಯಲಗೂರಪ್ಪ ಬಿಡಲಿಲ್ಲ.

“ನೀ ಮಲಗೂದಿಲ್ಲ. ಅದು ಗೊತ್ತಿದ್ದೂ ಹಾಕಿದ್ರ ನಾ ನಾಕ್ ವರ್ಷ ಏನ್ ಕಲ್ತಂಗಾತು, ಪೆನ್ಸಿಲ್ ಹೆರಿಯೂದೇನ?”

ಯಲಗೂರಪ್ಪ ಚಹಾದ ಬಸಿ ಕೆಳಗಿಟ್ಟ. “ಹಂಗಾರ ಹಾಕಬ್ಯಾಡ ಬಿಡು. ನನಗ ನಿದ್ದಿ ಬಂದೈತಿ,” ಎಂದು ಎದ್ದು ಚಿಲಕಕ್ಕೆ ಟವೆಲ್ ಹಾಕಿ ಒಳಗೆ ಹೋದ. ಸಭೆ ಬರಖಾಸ್ತಾಯಿತು.

ಹೀಗಾಗಿ, ಮಾನ್ಯರೇ, ಇಪ್ಪತ್ತನೆಯ ತಾರೀಕಿಗೆ ತಮಗೆ ತಲುಪುವ ನಕ್ಷೆಯಲ್ಲಿ ಕಿಟಕಿ ಇರುವುದಿಲ್ಲ. ಒಂದು ಗೆರೆಯನ್ನೂ ಅವಳು ಬದಲಿಸಿಲ್ಲ. ಟಿಪ್ಪಣಿ ಮಾತ್ರ ಹೊಸದು, ಪೂರಾ ಅವಳದೇ. ನೂರೈವತ್ತಕ್ಕೆ ಮೂವತ್ತು ಪದ ಕಡಿಮೆ ಇದೆ, ಸಪ್ಪೆಯಾಗಿದೆ, ಎಲ್ಲ ತಿಳಿಯುತ್ತದೆ. ತಿದ್ದಲು ನನ್ನ ಕೈಗೆ ಕೊಡಲೇ ಇಲ್ಲ, ಲಕೋಟೆಗೆ ಅಂಟು ಹಚ್ಚುವ ಕೆಲಸ ಕೊಟ್ಟಳು. ಅದನ್ನು ಚೆನ್ನಾಗಿ ಮಾಡಿದ್ದೇನೆ.

ತಮ್ಮಲ್ಲಿ ಕೇಳುವುದು ಇಷ್ಟು. ತಡವಾಗಿ ಬಂದ ಆ ಎರಡು ಸಾಲನ್ನು ತಡವಾಯಿತು ಎಂದು ಬದಿಗಿಡಬೇಡಿ. ತಪ್ಪು ಅವಳದಲ್ಲ, ಹೊಡೆದು ಹಾಕಿದ ಕೈ ಇದೇ. ಅದರ ಶಿಕ್ಷೆಯನ್ನು ಬೇಕಾದರೆ ನನಗೆ ಕೊಡಿ, ಮುಂದಿನ ಸಮಾರಂಭದಲ್ಲಿ ಎರಡು ತಾಸು ಭಾಷಣ ಕೇಳಿಸಿ. ಓದಿದ ಮೇಲೂ ಸಂಶಯ ಉಳಿದರೆ ಯಾವುದಾದರೂ ಕೆಲಸದ ದಿನ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಓಣಿಗೆ ಐವರೂ ಬನ್ನಿ. ಹಿತ್ತಲಿನ ಖೋಲಿಯಲ್ಲಿ ಒಂದು ತಾಸು ಕಣ್ಣು ಮುಚ್ಚಿ ಮಲಗಿ ನೋಡಿ. ಹಾಸಿಗೆ ನಾನು ಹಾಕಿಸುತ್ತೇನೆ, ಒದ್ದೆ ಟವೆಲ್ ಚೆನ್ನವ್ವ ಕೊಡುತ್ತಾಳೆ. ಬರುವಾಗ ಜೋರಾಗಿ ಮಾತಾಡಬೇಡಿ, ಅಷ್ಟೆ.

ಆಮೇಲೆ ತೀರ್ಪು ತಮ್ಮದು. ಗೋಡೆ ದುಬಾರಿ ಎನ್ನಿ, ಮಳೆಗಾಲದಲ್ಲಿ ನಡುವೆ ತೇವ ಹಿಡಿಯುತ್ತದೆ ಎನ್ನಿ, ಇಲಿ ಸೇರುತ್ತವೆ ಎನ್ನಿ. ಇಲಿಯ ಮಾತು ನಾನೇ ಎತ್ತಿದ್ದೆ, ಕಿಂಡಿಗೆ ಜಾಳಿಗೆ ಬರೆದು ತೋರಿಸಿದಳು. ಮನೆ ಕಟ್ಟಲು ಇನ್ನೊಬ್ಬರದು ಇದಕ್ಕಿಂತ ಒಳ್ಳೆಯದಿದೆ ಎನಿಸಿದರೆ ಧಾರಾಳವಾಗಿ ಅದನ್ನೇ ಆರಿಸಿ. ಆದರೆ ಆ ಇನ್ನೊಬ್ಬರ ಪಕ್ಕದಲ್ಲಿ, ಅದೇ ಮೇಜಿನ ಮೇಲೆ, ಅದೇ ಅಳತೆಯಿಂದ ಇವಳದನ್ನೂ ಇಟ್ಟು ನೋಡಿ. ಬೇರೆ ಬಾಗಿಲಿನಿಂದ ಕರೆದು ಶಾಲು ಹೊದಿಸಬೇಡಿ. ಅವಳನ್ನು ಸೋಲಿಸುವುದೇ ಇದ್ದರೆ, ದಯವಿಟ್ಟು, ಎಲ್ಲರ ಸಾಲಿನಲ್ಲಿ ನಿಲ್ಲಿಸಿ ಸೋಲಿಸಿ.

ಇಂತಿ,
ವಾಸ್ತುಶಿಲ್ಪವನ್ನು ಬಾಡಿಗೆದಾರರಿಂದ ಕಲಿಯುತ್ತಿರುವ ತಡವಾದ ವಿದ್ಯಾರ್ಥಿ,
ಧನಪಾಲ ಅಕಿವಾಟೆ
ಇಚಲಕರಂಜಿ